ಅಂಬರ್‌ನಲ್ಲಿ ಸಿಕ್ಕ ನೊಣ: ಹೊಸ ಕುಲವನ್ನು ವಿವರಿಸುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ನೊಣವಿರಲಿ, ರಾಳ ಸುರಿಸುವ ಮರವೇ ಆಗ ಇರಲಿಲ್ಲ. ಹಾಗಾಗಿ ನಮ್ಮ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಅಂಬರಿಗಾಗಿ, ಅಂದರೆ ಗಟ್ಟಿಯಾಗಿ ಪಳೆಯುಳಿಕೆಯಾದ ಮರದ ರಾಳಕ್ಕಾಗಿ, ಗುಜರಾತಿನ ವಸ್ತಾನ್, ತಡಕೇಶ್ವರದ ಲಿಗ್ನೈಟ್ ಗಣಿಗಳ ಕಡೆ ನೋಡಬೇಕು. ಅಲ್ಲಿನ ಅಂಬರ್ ಸುಮಾರು 5 ಕೋಟಿ ವರ್ಷ ಹಿಂದಿನದು. ತುಣುಕು ಕೈಗೆ ಬಂದ ಕೂಡಲೇ ಯಾವ ಗಣಿ, ಯಾವ ಪದರ ಎಂದು ಬರೆದಿಡಿ. ಅದು ತಪ್ಪಿದರೆ ನೊಣದ ವಯಸ್ಸೂ ಕೈತಪ್ಪಿತು.

ಅಂಬರ್ ಹೌದೋ ಅಲ್ಲವೋ ಎಂದು ಅಸಿಟೋನ್ ಹನಿಸಿ ನೋಡುವ ರೂಢಿಯಿದೆ. ಗುಜರಾತಿನ ಅಂಬರ್ ದ್ರಾವಕಗಳಲ್ಲಿ ಕರಗುವಂಥದ್ದಾದ್ದರಿಂದ ಇಲ್ಲಿ ಆ ಪರೀಕ್ಷೆ ಬೇಡವೇ ಬೇಡ.

ನಯವಾದ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ನೆನೆಸಿ, ರೆಕ್ಕೆಯ ಹರವಿಗೆ ಸಮಾನಾಂತರವಾಗಿ ಒಂದು ಮುಖವನ್ನು ನಿಧಾನವಾಗಿ ಉಜ್ಜಿರಿ. ಅದರ ಮೇಲೆ ಗಟ್ಟಿ ಸಕ್ಕರೆ ಪಾಕದ ಒಂದು ಹನಿಯಿಟ್ಟು ಕವರ್‌ಸ್ಲಿಪ್ ಮುಚ್ಚಿದರೆ, ಪಾಕವೂ ಅಂಬರೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುವುದರಿಂದ ಗೀರುಗಳು ಮಾಯವಾಗಿ ರೆಕ್ಕೆಯ ಸಿರೆಗಳು ಎದ್ದು ಕಾಣುತ್ತವೆ. ನೊಣಗಳ ವರ್ಗೀಕರಣದಲ್ಲಿ ಸಿರೆಗಳಷ್ಟು ಮಾತಾಡುವ ಅಂಗ ಅಪರೂಪ. ಆದರೆ ರೆಕ್ಕೆ ಮಡಿಚಿದ ಗೆರೆಯೂ ಅಡ್ಡಸಿರೆಯಂತೆಯೇ ತೋರುತ್ತದೆ; ಬೆಳಕನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಪಕ್ಕದಿಂದ ಬಿಟ್ಟು, ಎರಡೂ ರೆಕ್ಕೆಗಳಲ್ಲಿ ಅದೇ ಜಾಗದಲ್ಲಿ ಇದೆಯೇ ಎಂದು ನೋಡದೆ ಚಿತ್ರ ಬಿಡಿಸಬೇಡಿ. ಮೀಸೆ, ಕಾಲಿನ ಮುಳ್ಳು, ಗಂಡಿನ ಜನನಾಂಗಗಳನ್ನೂ ಬರೆದುಕೊಳ್ಳಿ. ಗುಳ್ಳೆಗಳಿಂದ ಮಸುಕಾದ ಭಾಗಗಳಿಗೆ ಮೈಕ್ರೋ ಸಿಟಿ ಸ್ಕ್ಯಾನ್ ನೆರವಾಗುತ್ತದೆ.

ಹೆಚ್ಚು ಕಾಲ ಹಿಡಿಯುವುದು ಹೋಲಿಕೆ, ಹಿಡಿಯಲೇಬೇಕು. ಒಂದು ಲಕ್ಷಣ ಬೇರೆ ಕಂಡಿತೆಂದು ಹೊಸ ಕುಲ (ಹತ್ತಿರದ ಪ್ರಭೇದಗಳ ಗುಂಪು) ಕಟ್ಟುವುದು ಸರಿಯಲ್ಲ, ಅದು ಹೊಸ ಪ್ರಭೇದವಷ್ಟೇ ಆಗಿರಬಹುದು. ಅದೇ ಕುಟುಂಬದ ಬದುಕಿರುವ ಮತ್ತು ಪಳೆಯುಳಿಕೆಯಾದ ಕುಲಗಳನ್ನು ಪಟ್ಟಿ ಮಾಡಿ, ಯಾವ ಲಕ್ಷಣಗಳ ಜೋಡಣೆ ನಿಮ್ಮ ನೊಣವೊಂದರಲ್ಲೇ ಇದೆ ಎಂದು ತೋರಿಸಿ. ವಿವರಣೆಯ ಪ್ರಾಣ ಇದೇ.

ಊರಿನ ಹೆಸರನ್ನಿಡುವ ಆಸೆ ಸಹಜವೇ, ಆದರೆ ಆ ಕುಲನಾಮ ಪ್ರಾಣಿಲೋಕದಲ್ಲಿ ಎಲ್ಲೂ ಬಳಕೆಯಾಗಿರಬಾರದು. ಪ್ರಭೇದದ ಹೆಸರು ಲ್ಯಾಟಿನ್ ವಿಶೇಷಣವಾದರೆ ಅದು ಕುಲನಾಮದ ಲಿಂಗಕ್ಕೆ ಹೊಂದಬೇಕು. 1930ರ ನಂತರದ ಯಾವ ಕುಲಕ್ಕೂ ಮಾದರಿ ಪ್ರಭೇದವನ್ನು (ಕುಲದ ಹೆಸರಿಗೆ ಆಧಾರವಾಗುವ ಪ್ರಭೇದ) ಸೂಚಿಸದಿದ್ದರೆ ಹೆಸರು ಸಿಂಧುವಾಗುವುದಿಲ್ಲ. ಪ್ರಬಂಧ ಕೇವಲ ಆನ್‌ಲೈನ್‌ನಲ್ಲಿ ಬರುವುದಾದರೆ ಮೊದಲೇ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ. ಹೋಲೋಟೈಪ್ (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಮಾದರಿ) ಆದ ಅಂಬರನ್ನು ಮನೆಯ ಬೀರುವಿನಲ್ಲಿಡದೆ ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸಿ, ಅಲ್ಲಿ ಕೊಟ್ಟ ಕ್ರಮಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸಿ.