ಬ್ಲಿಟ್ಜ್ ಚೆಸ್: ಟೈಮ್ ಎಲ್ಲಿ ಸೋರುತ್ತದೆ?

ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ವೇಗದ ಚೆಸ್) ಸೋತವರ ಬಾಯಲ್ಲಿ ಬರುವ ಮಾತು ಒಂದೇ: ‘ಟೈಮ್ ಸಾಲಲಿಲ್ಲ ನೋಡ್ರಿ’. ಆಟ ಮುಗಿದ ಮೇಲೆ ಯಾವ ನಡೆಗೆ ಎಷ್ಟು ಸೆಕೆಂಡು ಹೋಯಿತು ಎಂದು ತೆಗೆದು ನೋಡಿದರೆ ಕಥೆ ಬೇರೆ ಇರುತ್ತದೆ. ಬಹುಪಾಲು ನಡೆಗಳು ಎರಡು ಮೂರು ಸೆಕೆಂಡಿನಲ್ಲಿ ಮುಗಿದಿರುತ್ತವೆ. ಎಲ್ಲೋ ಎರಡು ಕಡೆ ಮಾತ್ರ ಮೂವತ್ತು ನಲವತ್ತು ಸೆಕೆಂಡು ಸೋರಿ ಹೋಗಿರುತ್ತದೆ. ಆ ಎರಡು ತೂತು ಹುಡುಕಿ ಮುಚ್ಚುವುದೇ ಅಭ್ಯಾಸ. ದಿನಕ್ಕೆ ಐವತ್ತು ಆಟ ಆಡಿದರೆ ಕೈ ಚುರುಕಾದೀತು, ಆದರೆ ಜೊತೆಗೆ ತಪ್ಪುಗಳೂ ಚುರುಕಾಗುತ್ತವೆ.

ಮೊದಲು ಒಂದೇ ಸಮಯ ಹಿಡಿದುಕೊಳ್ಳಿ. ಇವತ್ತು ಒಂದು ನಿಮಿಷದ ಬುಲೆಟ್, ನಾಳೆ ಹತ್ತು ನಿಮಿಷದ ರ‍್ಯಾಪಿಡ್ ಆಡಿದರೆ ಲೆಕ್ಕ ಕೂರುವುದಿಲ್ಲ. ಕಲಿಯಲು 3+2 ವಾಸಿ: ಮೂರು ನಿಮಿಷ, ಪ್ರತಿ ನಡೆಗೆ ಎರಡು ಸೆಕೆಂಡು ಸೇರ್ಪಡೆ. ನಲವತ್ತು ನಡೆಯ ಆಟದಲ್ಲಿ ಒಟ್ಟು 260 ಸೆಕೆಂಡು ಸಿಗುತ್ತದೆ, ಅಂದರೆ ನಡೆಗೆ ಆರೂವರೆ. ಗೆದ್ದ ಆಟವನ್ನು ಬರೀ ಟೈಮಿಗೆ ಕಳೆದುಕೊಳ್ಳುವುದು ಸೇರ್ಪಡೆ ಇಲ್ಲದ 3+0 ಗಿಂತ ಇಲ್ಲಿ ಕಡಿಮೆ. ಎರಡು ಗುರುತು ನೆನಪಿಡಿ: ಹತ್ತನೇ ನಡೆ ಮುಗಿದಾಗ ಗಡಿಯಾರದಲ್ಲಿ 2:50 ಹತ್ತಿರ ಇರಬೇಕು, ಇಪ್ಪತ್ತೈದನೇ ನಡೆಗೆ ಕನಿಷ್ಠ 1:00. ಹತ್ತನೇ ನಡೆಗೇ 2:10 ಕಂಡರೆ ಓಪನಿಂಗ್ (ಆರಂಭದ ನಡೆಗಳು) ಸೋರುತ್ತಿದೆ. 2:50 ಇದ್ದದ್ದು ಇಪ್ಪತ್ತೈದಕ್ಕೆ 0:20 ಆದರೆ ತೂತು ನಡು ಆಟದಲ್ಲಿದೆ.

ಓಪನಿಂಗ್‌ಗೆ ಮದ್ದು ಸುಲಭ: ಬಿಳಿಗೆ ಒಂದು, ಕಪ್ಪಿಗೆ ಎರಡು. ಕಪ್ಪಿನಲ್ಲಿ ಇ4ಗೆ (ಇ4, ಡಿ4 ಎಂದರೆ ಹಲಗೆಯ ಮನೆಗಳ ಹೆಸರು) ಕಾರೋ-ಕಾನ್, ಡಿ4ಗೆ ಸ್ಲಾವ್ ಎಂಬ ಓಪನಿಂಗ್ ಆಡುವವರಿಗೆ ಎರಡರಲ್ಲೂ ಸಿ6, ಡಿ5 ಪ್ಯಾದಿಗಳೇ ಬರುವುದರಿಂದ ಕಣ್ಣಿಗೆ ಒಂದೇ ಬಗೆಯ ಹಲಗೆ ರೂಢಿಯಾಗುತ್ತದೆ. ಆದರೆ ರೂಢಿಗೂ ಒಂದು ಅಪಾಯವಿದೆ. ಕಾರೋ-ಕಾನ್‌ನಲ್ಲೇ ನೋಡಿ: ಇ4 ಸಿ6, ಡಿ4 ಡಿ5, ಬಿಳಿ ಕುದುರೆ ಸಿ3ಕ್ಕೆ, ಕಪ್ಪು ಪ್ಯಾದಿ ಇ4ರಲ್ಲಿ ಹೊಡೆಯುತ್ತದೆ, ಕುದುರೆ ಮರಳಿ ಹೊಡೆಯುತ್ತದೆ, ಕಪ್ಪು ಕುದುರೆ ಡಿ7ಕ್ಕೆ. ಈಗ ಬಿಳಿಯ ವಜೀರ (ರಾಣಿ ಅನ್ನಿ, ಮಂತ್ರಿ ಅನ್ನಿ) ಇ2ಕ್ಕೆ ಬರುತ್ತಾನೆ. ನೋಡಲು ಪೆದ್ದು ನಡೆ, ಸ್ವಂತ ಒಂಟೆಯ ದಾರಿಗೇ ಅಡ್ಡ. ಕಪ್ಪು ಎಂದಿನಂತೆ ಜಿ8 ಕುದುರೆಯನ್ನು ಎಫ್6ಕ್ಕೆ ತಂದಿತೋ, ಬಿಳಿ ಕುದುರೆ ಡಿ6ಕ್ಕೆ ಜಿಗಿದು ಅಲ್ಲೇ ಮೇಟ್ (ಆಟ ಮುಗಿಸುವ ಶಹ). ಇ7 ಪ್ಯಾದಿ ಆ ಕುದುರೆಯನ್ನು ಹೊಡೆಯುವಂತಿಲ್ಲ, ಹೊಡೆದರೆ ವಜೀರನ ಎದುರು ರಾಜ ಬಯಲಾಗುತ್ತಾನೆ. ಡಿ7 ಕುದುರೆಯನ್ನೇ ಎಫ್6ಕ್ಕೆ ತಂದಿದ್ದರೆ ಕಪ್ಪು ವಜೀರನ ದಾರಿ ತೆರೆದು ಡಿ6 ಕಾವಲಿಗೆ ಬರುತ್ತಿತ್ತು. ಓಪನಿಂಗ್‌ನಲ್ಲಿ ವೇಗವಾಗಿ ಆಡಿ, ಆದರೆ ಎದುರಾಳಿಯ ನಡೆ ವಿಚಿತ್ರ ಅನಿಸಿದ ಕ್ಷಣ ಐದು ಸೆಕೆಂಡು ಖರ್ಚು ಮಾಡಿ.

ಪ್ರಿಮೂವ್‌ಗೂ (ಎದುರಾಳಿ ಆಡುವ ಮೊದಲೇ ನಿಮ್ಮ ಮುಂದಿನ ನಡೆ ಹಾಕಿಡುವುದು) ಇದೇ ಮಾತು. ಲಂಡನ್ ಎಂಬ ಓಪನಿಂಗ್ ಆಡುವವರು ಡಿ4 ಆದ ಕೂಡಲೇ ಒಂಟೆಯನ್ನು ಎಫ್4ಕ್ಕೆ ಪ್ರಿಮೂವ್ ಹಾಕಿಬಿಡುತ್ತಾರೆ. ಎದುರಿನವನು ಇ5 ಆಡಿದರೆ ಒಂಟೆ ಪ್ಯಾದಿಯ ಬಾಯಿಗೇ ಹೋಗುತ್ತದೆ. ಪ್ರಿಮೂವ್ ಹಾಕಬೇಕಾದದ್ದು ಎದುರಾಳಿಗೆ ಒಂದೇ ನಡೆ ಇದ್ದಾಗ, ಅಥವಾ ನೀವು ಮರಳಿ ಹೊಡೆಯುವುದು ಖಚಿತವಿದ್ದಾಗ. ಆನ್‌ಲೈನ್ ಚೆಸ್ ತಾಣಗಳ ಪೈಕಿ ಲಿಚೆಸ್‌ನಲ್ಲಿ ಪ್ರಿಮೂವ್‌ಗೆ ಸಮಯವೇ ಹೋಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ 0.1 ಸೆಕೆಂಡು ಹೋಗುತ್ತದೆ. ಕೊನೆಯ ಐದು ಸೆಕೆಂಡಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ನಡು ಆಟದ ಸೋರಿಕೆಗೆ ಕಾರಣ ಸಾಮಾನ್ಯವಾಗಿ ಯೋಚನೆಯ ಕೊರತೆಯಲ್ಲ, ಒಮ್ಮೆ ಕಂಡ ನಡೆಯನ್ನು ಮತ್ತೆ ಮತ್ತೆ ಪರೀಕ್ಷಿಸುವುದು. ನೋಡಿದ ಕೂಡಲೇ ನಂಬಿಕೆ ಬರುವಷ್ಟು ಮಾದರಿಗಳು ಕಣ್ಣಿನಲ್ಲಿ ಕೂತಿಲ್ಲ, ಅಷ್ಟೇ. ಇದಕ್ಕೆ ಕಷ್ಟದ ಪಜಲ್ ಬೇಡ, ಸುಲಭದವು ಬೇಕು. ಲಿಚೆಸ್ ಪಜಲ್‌ಗಳಲ್ಲಿ ನಿಮ್ಮ ರೇಟಿಂಗ್‌ಗಿಂತ (ಮಟ್ಟ ತೋರಿಸುವ ಅಂಕ) 300 ಅಥವಾ 600 ಕೆಳಗಿನವನ್ನು ಆರಿಸುವ ಅವಕಾಶವಿದೆ. ಒಂದು ವಾರ ಕುದುರೆಯ ಕವಲು ದಾಳಿ (ಒಂದೇ ಜಿಗಿತಕ್ಕೆ ಎರಡು ಕಾಯಿಗೆ ಗುರಿ), ಇನ್ನೊಂದು ವಾರ ಪಿನ್ (ಹಿಂದಿರುವ ದೊಡ್ಡ ಕಾಯಿಗಾಗಿ ಮುಂದಿನ ಕಾಯಿ ಅಲುಗಾಡದಂತೆ ಕಟ್ಟುವುದು), ಮತ್ತೊಂದು ವಾರ ಹಿಂದಿನ ಸಾಲಿನ ಮೇಟ್, ಹೀಗೆ ವಾರಕ್ಕೊಂದೇ ವಿಷಯ. ದಿನಕ್ಕೆ ಇಪ್ಪತ್ತು ಸಾಕು. ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದ ಪಜಲನ್ನು ಸರಿಯಾಗಿ ಬಿಡಿಸಿದ್ದರೂ ಗುರುತು ಹಾಕಿಟ್ಟು ಭಾನುವಾರ ಮತ್ತೆ ಬಿಡಿಸಿ. ಮೂರು ನಿಮಿಷದಲ್ಲಿ ಆದಷ್ಟು ಪಜಲ್ ಬಿಡಿಸುವ ಲಿಚೆಸ್‌ನ ಪಜಲ್ ಸ್ಟಾರ್ಮ್ ವಾರಕ್ಕೆರಡು ಸಲ ಪರೀಕ್ಷೆಗೆ ಚೆನ್ನ; ನಿತ್ಯ ಅದನ್ನೇ ಆಡಿದರೆ ಊಹಿಸಿ ಹೊಡೆಯುವ ಚಟ ಹತ್ತುತ್ತದೆ.

ಆಟದೊಳಗೆ ನಡೆಗೆ ಮುನ್ನ ಕೇಳಿಕೊಳ್ಳಬೇಕಾದ್ದು ಇಷ್ಟು: ಎದುರಾಳಿ ನನಗೆ ಶಹ ಕೊಡಬಲ್ಲನೇ, ಅವನಿಗೆ ಹೊಡೆಯಲು ಏನಾದರೂ ಸಿಗುತ್ತದೆಯೇ?

ಗುಡಿಕಟ್ಟೆಯ ಮೇಲೆ ದೇಶಿ ಪದ್ಧತಿಯ ಬುದ್ಧಿಬಲ ಆಡಿ ಬಂದವರಿಗೆ ಒಂದು ಬೇರೆ ತೊಡಕಿದೆ. ಆ ಆಟದಲ್ಲಿ ಪ್ಯಾದಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ಕ್ಯಾಸಲಿಂಗ್ (ರಾಜ, ಆನೆ ಎರಡೂ ಒಂದೇ ನಡೆಯಲ್ಲಿ ಸರಿಯುವುದು) ಬದಲು ರಾಜ ಒಮ್ಮೆ ಕುದುರೆಯಂತೆ ಜಿಗಿಯುತ್ತಾನೆ. ಹಾಗಾಗಿ ಅವರ ಲೆಕ್ಕಾಚಾರ ಗಟ್ಟಿಯಾಗಿದ್ದರೂ ಆನ್‌ಲೈನ್‌ನಲ್ಲಿ ಎನ್ ಪಾಸಾಂ ಹೊಡೆತ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪ್ಯಾದಿಯನ್ನು ಪ್ಯಾದಿಯಿಂದ ಹೊಡೆಯುವುದು) ಕಣ್ಣಿಗೆ ಬೀಳುವುದಿಲ್ಲ, ಕ್ಯಾಸಲಿಂಗ್ ತಡವಾಗುತ್ತದೆ. ಎನ್ ಪಾಸಾಂ ವಿಷಯದ ಪಜಲ್ ಒಂದು ವಾರ ಬಿಡಿಸಿದರೆ ಸರಿಹೋಗುತ್ತದೆ.

ಕೊನೆಯಾಟಕ್ಕೆ ವಜೀರ-ರಾಜ ಮತ್ತು ಆನೆ-ರಾಜ ಮೇಟ್ ಎರಡೂ ನಿದ್ದೆಯಲ್ಲೂ ಬರಬೇಕು. ಸರಿಯಾಗಿ ಆಡಿದರೆ ಮೊದಲನೆಯದಕ್ಕೆ ಹೆಚ್ಚೆಂದರೆ 10 ನಡೆ, ಎರಡನೆಯದಕ್ಕೆ 16. ಕಂಪ್ಯೂಟರ್ ಎದುರು ಇಟ್ಟುಕೊಂಡು ಆನೆಯ ಮೇಟನ್ನು 40 ಸೆಕೆಂಡಿನೊಳಗೆ ಮುಗಿಸುವವರೆಗೆ ಅಭ್ಯಾಸ ಮಾಡಿ. ಮೂಲೆಯ ರಾಜನಿಂದ ಕುದುರೆ ಜಿಗಿತದಷ್ಟು ದೂರದಲ್ಲಿ ವಜೀರನನ್ನು ನಿಲ್ಲಿಸಿದರೆ ಸ್ಟೇಲ್‌ಮೇಟ್ (ಶಹವೂ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ): ರಾಜ ಎ8, ವಜೀರ ಸಿ7. ಅವಸರದಲ್ಲಿ ಅರ್ಧ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು, ಎದುರಾಳಿಗೆ ಬರೀ ರಾಜ ಉಳಿದಿದ್ದರೆ ನಿಮ್ಮ ಟೈಮ್ ಮುಗಿದರೂ ಡ್ರಾ. ಒಂದೇ ಒಂದು ಪ್ಯಾದಿ ಇದ್ದರೆ ಸೋಲು. ಐದು ಸೆಕೆಂಡು ಉಳಿದಾಗ ಮೇಟ್ ಹುಡುಕುವುದಕ್ಕಿಂತ ಆ ಪ್ಯಾದಿಯನ್ನು ಮೊದಲು ತಿನ್ನಿ.

ದಿನಕ್ಕೆ ನಾಲ್ಕು ಆಟ ಸಾಕು. ಸತತ ಎರಡು ಸೋತರೆ ಅವತ್ತಿಗೆ ಮುಗಿಸಿ. ಮೂರನೆಯದನ್ನು ಸಿಟ್ಟು ಆಡುತ್ತದೆ. ಪ್ರತಿ ಆಟದ ನಂತರ ಮೂರು ನಿಮಿಷ ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಕಂಪ್ಯೂಟರ್) ಹಾಕದೆ ನೋಡಿ. ಅತಿ ಹೆಚ್ಚು ಸಮಯ ಹೋದ ನಡೆ ಯಾವುದು, ಏಕೆ, ಸೋಲಿಗೆ ತಿರುಗಿದ್ದು ಎಲ್ಲಿ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದ ಮೇಲೆಯೇ ಎಂಜಿನ್. ಎರಡು ವಾರದಲ್ಲಿ ಒಂದೇ ತಪ್ಪು ನಾಲ್ಕೈದು ಸಲ ಕಾಣಿಸುತ್ತದೆ; ಮುಂದಿನ ವಾರದ ಪಜಲ್ ವಿಷಯ ಅದೇ.

ಸೆಟ್ಟಿಂಗ್‌ನಲ್ಲಿ ವಜೀರ ಬಡ್ತಿಯನ್ನು ತಾನಾಗಿಯೇ ಆಗುವಂತೆ ಇಡಿ, ನಡೆ ಖಚಿತಪಡಿಸುವ ಗುಂಡಿ ತೆಗೆದುಹಾಕಿ. ಮೊಬೈಲಿನಲ್ಲಿ ಎಳೆಯುವುದಕ್ಕಿಂತ ಮುಟ್ಟಿ-ಮುಟ್ಟಿ ಆಡಿದರೆ ಕಾಯಿ ಪಕ್ಕದ ಮನೆಗೆ ಜಾರುವುದು ಕಡಿಮೆ. ಏಪ್ರಿಲ್-ಮೇನಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 40 ಡಿಗ್ರಿ ದಾಟಿದಾಗ ಚಾರ್ಜಿಗೆ ಹಾಕಿಕೊಂಡೇ ಆಡಿದರೆ ಫೋನ್ ಕಾದು, ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಸ್ಪರ್ಶ ತಡವಾಗಿ ಹತ್ತುತ್ತದೆ. ಬೆಳಗ್ಗೆ ಆಡಿ, ಇಲ್ಲವೇ ಮೊದಲೇ ಚಾರ್ಜ್ ಮಾಡಿಡಿ. ಕರೆಂಟ್ ಹೋದರೆ ವೈಫೈ ರೂಟರೂ ಹೋಗುತ್ತದೆ, ಆದ್ದರಿಂದ ಮೊಬೈಲ್ ಡೇಟಾ ಆನ್ ಇರಲಿ. ಬೀದರ್-ಕಲಬುರಗಿ ರೈಲಿನಲ್ಲಿ ಕೂತು ರೇಟೆಡ್ ಆಟ ಶುರು ಮಾಡಬೇಡಿ: ನೆಟ್‌ವರ್ಕ್ ಕಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಲಿಚೆಸ್ ಆ್ಯಪ್ ಕೆಲವು ಪಜಲ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುತ್ತದೆ, ದಾರಿಗೆ ಅವೇ ಸಾಕು.