ಚಳಿಗಾಲದಲ್ಲೂ ಹೊರಗಡೆ ಹೋಗಿ ಓಡಾಡೋದು ಹೇಗೆ

ಚಳಿ ಶುರುವಾದ ತಕ್ಷಣ ವಾಕಿಂಗು ಜಾಗಿಂಗು ಎಲ್ಲಾ ಬಂದ್ ಮಾಡಿ ರಗ್ಗು ಹೊದ್ಕೊಂಡು ಮಲಗೋರೇ ಜಾಸ್ತಿ, ಆದ್ರೆ ಬಟ್ಟೆ ಸರಿಯಾಗಿ ಹಾಕ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಂದೇ ದಪ್ಪ ಜಾಕೆಟ್ ಬೇಡ, ಲೇಯರ್ ಲೇಯರ್ ಆಗಿ ಹಾಕ್ಕೊಳ್ಳಿ. ಮೈಗೆ ತಾಗೋ ಬಟ್ಟೆ ಕಾಟನ್ ಆಗಿರಬಾರದು, ಯಾಕಂದ್ರೆ ಅದು ಬೆವರು ಹೀರ್ಕೊಂಡು ಒದ್ದೆಯಾಗೇ ಇರುತ್ತೆ, ನೀವು ನಿಂತ ಕೂಡಲೇ ಬೆನ್ನೆಲ್ಲಾ ತಣ್ಣಗೆ ಕೊರೆಯೋಕೆ ಶುರು ಆಗುತ್ತೆ. ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ಒಳಗೆ, ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ ತಡೆಯೋ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನ್ಸಬೇಕು, ಹತ್ತು ನಿಮಿಷ ನಡೆದ್ರೆ ತಾನಾಗೇ ಸರಿಹೋಗುತ್ತೆ.

ಮನೆಯಿಂದ ಹೊರಗೆ ಕಾಲಿಡೋ ಮೊದಲೇ 5-10 ನಿಮಿಷ ವಾರ್ಮ್ ಅಪ್ ಮಾಡಿ. ತಣ್ಣನೆ ಒಣ ಗಾಳಿಗೆ ಅಸ್ತಮಾ ಇರೋರಿಗೆ ಉಸಿರು ಕಟ್ಟಬಹುದು, ಮೂಗು ಬಾಯಿಗೆ ಸ್ಕಾರ್ಫ್ ಸುತ್ಕೊಳ್ಳಿ, ಇನ್‌ಹೇಲರ್ ಜೇಬಲ್ಲಿರಲಿ. ಹಾರ್ಟ್ ಪ್ರಾಬ್ಲಂ ಇದ್ರೆ ಡಾಕ್ಟರ್‌ನ ಕೇಳಿಯೇ ಹೊರಡಿ, ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತೆ.

ನೀರು ಕುಡಿಯೋದನ್ನ ಎಲ್ರೂ ಮರೀತಾರೆ, ಬಾಯಾರಿಕೆ ಗೊತ್ತಾಗಲ್ಲ ಅಷ್ಟೇ, ಬೆವರೂ ಉಸಿರಿನ ತೇವಾಂಶವೂ ಹೋಗ್ತಾನೇ ಇರುತ್ತೆ.

ಹಿಮ ಬೀಳೋ ಕಡೆ ಇದ್ರೆ ಬೆರಳು, ಕಿವಿ ಆಗಾಗ ನೋಡ್ಕೊಳ್ಳಿ. ಚರ್ಮ ಬಿಳಚಿಕೊಂಡು ಜೋಮು ಹಿಡಿದ್ರೆ ತಕ್ಷಣ ಒಳಗೆ ಬನ್ನಿ, ಉಜ್ಜಬೇಡಿ ಪ್ಲೀಸ್, ಬೆಂಕಿಗೂ ಹಿಡೀಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಇಡಿ, ಸ್ಪರ್ಶ ವಾಪಸ್ ಬರ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗಿ.

ಬೇಗ ಕತ್ತಲಾಗೋದ್ರಿಂದ ಮಧ್ಯಾಹ್ನದ ಬಿಸಿಲಲ್ಲಿ ಹೋದ್ರೆ ಇನ್ನೂ ಆರಾಮು.