ಪೈಪ್ ಹಾಕಿಸುವ ಮೊದಲು ನಿಯಮ ಓದಿದೆ

ಮನೆಗೆ ಮಳೆಕೊಯ್ಲು ಮಾಡಿಸಬೇಕು ಅಂತ ತೀರ್ಮಾನವಾದಾಗ ನಾನು ಮೊದಲು ಹುಡುಕಿದ್ದು ಪ್ಲಂಬರನ್ನಲ್ಲ, ನಿಯಮದ ಪ್ರತಿಯನ್ನು. ತೊಟ್ಟಿಯ ಅಳತೆ, ನೀರಿನ ಬಳಕೆ, ಸಿಗುವ ದುಡ್ಡು, ಮೂರೂ ಅದರಲ್ಲೇ ಇರುತ್ತವೆ.

ಒಂದೊಂದು ಕಡೆ ಒಂದೊಂದು ಕಾನೂನು. ತಮಿಳುನಾಡು 2003ರಲ್ಲೇ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ 2009ರಿಂದ ನಿವೇಶನದ ಅಳತೆಯೇ ಮಾನದಂಡ: ಹಳೆಯ ಮನೆಯಾದರೆ 60×40 ಅಡಿ, ಹೊಸದಾದರೆ 30×40 ಅಡಿ, ಅಥವಾ ಅದಕ್ಕಿಂತ ದೊಡ್ಡ ನಿವೇಶನವಿದ್ದರೆ ಕಡ್ಡಾಯ. ಮಾಡಿಸದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಬರುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಇದರ ಉಲ್ಟಾ. ಅಲ್ಲಿ ಮಳೆಯಿಂದ ಹೊಳೆ ಸೇರುವ ನೀರಿನ ಮೇಲೆ, ಹೊಳೆಯ ಕೆಳಭಾಗದಲ್ಲಿ ಮೊದಲಿನಿಂದ ಬಳಸುತ್ತಿರುವವರಿಗೆ ಹಕ್ಕಿದೆ. ಹಾಗಾಗಿ ಹೆಚ್ಚಿನ ಮನೆಯವರಿಗೆ ಚಾವಣಿ ನೀರು ಹಿಡಿಯಲು ಅನುಮತಿ ಸಿಕ್ಕಿದ್ದೇ 2016ರಲ್ಲಿ. ಅದೂ ಎರಡು ಡ್ರಮ್ಮು, ಒಟ್ಟು ಸುಮಾರು 416 ಲೀಟರ್, ತೋಟದಂಥ ಮನೆಯ ಹೊರಗಿನ ಬಳಕೆಗೆ ಮಾತ್ರ!

ಪ್ರೋತ್ಸಾಹಧನದಲ್ಲೂ ಬಗೆಗಳಿವೆ. ಕೆಲವು ಕಡೆ ಖರ್ಚಿನ ಒಂದು ಪಾಲು ವಾಪಸ್ ಕೊಡುತ್ತಾರೆ. ಟೆಕ್ಸಾಸ್‌ನಲ್ಲಿ ಮಳೆಕೊಯ್ಲಿನ ಸಾಮಾನಿಗೆ ಮಾರಾಟ ತೆರಿಗೆ ಇಲ್ಲ. ಜರ್ಮನಿಯ ಎಷ್ಟೋ ಊರುಗಳಲ್ಲಿ ಚಾವಣಿ, ಅಂಗಳದಿಂದ ಚರಂಡಿಗೆ ಹೋಗುವ ಮಳೆನೀರಿಗೆ ಶುಲ್ಕ ಕಟ್ಟಬೇಕು. ನೀರು ಮನೆಯಲ್ಲೇ ಇಂಗಿದರೆ ಶುಲ್ಕ ಇಳಿಯುತ್ತದೆ. ನನಗೆ ಕೇಳಿದರೆ ಇದೇ ಜಾಣತನ. ಸಹಾಯಧನ ಒಮ್ಮೆ ಬಂದು ಮುಗಿಯುತ್ತದೆ, ಶುಲ್ಕದ ಉಳಿತಾಯ ವರ್ಷವರ್ಷವೂ ಬರುತ್ತದೆ.

ಸಹಾಯಧನದ ಅರ್ಜಿಗೆ ಒಂದು ಸರಳ ನಕ್ಷೆ ಬರೆದೆ. ಲೆಕ್ಕ ಕಷ್ಟವಿಲ್ಲ: ಒಂದು ಚದರ ಮೀಟರ್ ಚಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರಿಗೆ 20 ಮಿ.ಮೀ. ಅಂದರೆ 2,000 ಲೀಟರ್. ಆವಿ, ಸೋರಿಕೆ, ಮೊದಲು ಬಿಡುವ ಕೊಳೆ ನೀರು ಅಂತ ಐದರಲ್ಲಿ ಒಂದು ಪಾಲು ಕಳೆದೆ. ಬಂದ ಸಂಖ್ಯೆಯನ್ನು ನಿಯಮದ ಕನಿಷ್ಠ ಅಳತೆಯ ಪಕ್ಕ ಇಟ್ಟು, ಯಾವುದು ದೊಡ್ಡದೋ ಆ ಅಳತೆಯ ತೊಟ್ಟಿ ತೆಗೆದುಕೊಂಡೆ.

ಸಾಮಾನು ಕೊಂಡಿದ್ದು ಮಂಜೂರಾತಿ ಕೈಗೆ ಬಂದ ಮೇಲೆಯೇ. "ಕೆಲಸ ಮುಗಿಸಿ ಬನ್ನಿ, ನೋಡೋಣ" ಅಂತ ಕೌಂಟರಿನಲ್ಲಿ ಯಾರಾದರೂ ಅಂದರೆ ನಂಬಬೇಡಿ, ಬರಹದಲ್ಲಿ ಕೇಳಿ. ಮೊದಲೇ ಕೊಂಡ ಸಾಮಾನಿಗೆ ದುಡ್ಡು ಕೊಡದ ಯೋಜನೆಗಳಿವೆ. ಬಿಲ್ಲಿನಲ್ಲಿ ಪೈಪು, ಫಿಲ್ಟರ್, ಕೂಲಿ ಬೇರೆ ಬೇರೆ ಬರೆಸಿ. ಇಂಗುಗುಂಡಿ ಮುಚ್ಚುವ ಮೊದಲು ಫೋಟೋ ತೆಗೆದಿಡಿ. ಮಣ್ಣು ಮುಚ್ಚಿದ ಮೇಲೆ ಒಳಗೆ ಜಲ್ಲಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ತಪಾಸಣೆಗೆ ಬಂದವರು ಫಿಲ್ಟರ್ ಕಡೆ ಜಾಸ್ತಿ ನೋಡಲಿಲ್ಲ. ನಲ್ಲಿ ನೀರಿನ ಪೈಪು ಮಳೆನೀರಿನ ತೊಟ್ಟಿಯಲ್ಲಿ ಮುಳುಗಿಲ್ಲ ತಾನೆ, ತುಂಬಿ ಹರಿದ ನೀರು ಒಳಚರಂಡಿಗೆ ಸೇರುತ್ತಿಲ್ಲ ತಾನೆ ಅಂತ ಕೇಳಿದರು. ಎರಡನ್ನೂ ತೋರಿಸಿದೆ, ಸಹಿ ಹಾಕಿಕೊಟ್ಟರು.